ಉಕ್ಕಿನ ಚೌಕಟ್ಟು, ದೊಡ್ಡ ಗಾಲಿ: ಕರಿಹಲಗೆಯ ಮೇಲಿನ ಒಂದು ತಪ್ಪು ಬಾಣ



ಕೆಲವು ವಾರಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯಾದಿಂದ ಒಂದು ಛಾಯಾಚಿತ್ರವನ್ನು ಕಳುಹಿಸಿದ್ದ. ಗೋಡೆಗೆ ಒರಗಿಸಿದ ಒಂದು ಸೈಕಲ್ಲು, ಸುತ್ತ ಮನುಷ್ಯರಿಲ್ಲ. ಚೈನು ಇರುವ ಬದಿ ನಮ್ಮ ಕಡೆಗೆ, ಪೆಡಲುಗಳು ಅಳೆದು ನಿಲ್ಲಿಸಿದಂತೆ ನೇರವಾಗಿ. ವರಪರೀಕ್ಷೆಗೆ ಕಳುಹಿಸುವ ಭಾವಚಿತ್ರವನ್ನೂ ಯಾರೂ ಇಷ್ಟು ಎಚ್ಚರದಿಂದ ತೆಗೆಸಲಾರರು. ಕೆಳಗೆ ಹೀಗೆ ಬರೆದಿದ್ದ: "ಸರ್, ಇದು ಶುದ್ಧ ಉಕ್ಕಿನ ಚೌಕಟ್ಟು, ಇಪ್ಪತ್ತೊಂಬತ್ತು ಇಂಚಿನ ಗಾಲಿ. ಬೆಟ್ಟ ಹತ್ತುವ ಸೈಕಲ್ಲು. ಇಷ್ಟು ದೊಡ್ಡ ಗಾಲಿ ನೀವು ನೋಡಿರಲಾರಿರಿ."

ಕೊನೆಯ ಮಾತು ನನ್ನೊಳಗಿನ ಮೇಷ್ಟರನ್ನು ಎಬ್ಬಿಸಿತು. ಅದಕ್ಕೆ ಉತ್ತರ ಬರೆಯಲು ಕುಳಿತವನು ಓದುತ್ತಾ ಹೋದಂತೆ, ನಾನೇ ನಿಮಗೆಲ್ಲ ಒಂದು ತಪ್ಪು ಪಾಠ ಮಾಡಿದ್ದೇನೆಂಬುದು ತಿಳಿಯಿತು. ಕೈಗಾರಿಕಾ ಕ್ರಾಂತಿಯ ಪಾಠ ಮುಗಿಯುವ ದಿನ ನಾನು ಕರಿಹಲಗೆಯ ಮೇಲೆ ಸೈಕಲ್ಲುಗಳನ್ನು ಸಾಲಾಗಿ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು, ಹಳೆಯದು ಹೋಗುತ್ತದೆ, ಹೊಸದು ಬರುತ್ತದೆ, ಇದೇ ಪ್ರಗತಿ ಎನ್ನುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಬಾಣವನ್ನು ತಿದ್ದುವುದಕ್ಕಾಗಿಯೇ ಈ ಲೇಖನ.

ಮೊದಲು ದೊಡ್ಡ ಗಾಲಿಯ ವಿಚಾರ. 1870ರ ದಶಕದ ಇಂಗ್ಲೆಂಡಿನಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿಯಂತಹವರು ತಯಾರಿಸಿದ ಸೈಕಲ್ಲಿನಲ್ಲಿ ಮುಂದಿನ ಗಾಲಿ ಆಳೆತ್ತರಕ್ಕೆ ಹತ್ತಿರವಿದ್ದು, ಹಿಂದಿನದು ಆಟಿಕೆಯಷ್ಟೇ ಇರುತ್ತಿತ್ತು. ನಾನು ತರಗತಿಯಲ್ಲಿ ಅದರ ಚಿತ್ರ ಬರೆದಾಗಲೆಲ್ಲ ನೀವು ನಗುತ್ತಿದ್ದಿರಿ, ನಾನೂ ನಗುತ್ತಿದ್ದೆ. ಆದರೆ ಅದರ ಹಿಂದೆ ಲೆಕ್ಕಾಚಾರವಿತ್ತು. ಪೆಡಲು ಗಾಲಿಯ ಅಚ್ಚಿಗೇ ಜೋಡಿಸಲ್ಪಟ್ಟಿದ್ದುದರಿಂದ ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಒಂದೂವರೆ ಮೀಟರು ವ್ಯಾಸದ ಗಾಲಿಯಾದರೆ ಒಂದು ತುಳಿತಕ್ಕೆ ಸುಮಾರು 4.7 ಮೀಟರು ದೂರ ಸಾಗಬಹುದು. ಜೊತೆಗೆ ಗಾಳಿ ತುಂಬಿದ ಟಯರು ಬಳಕೆಗೆ ಬಂದಿರದ ಕಾಲವದು. ದೊಡ್ಡ ಗಾಲಿಯು ಗುಂಡಿಯೊಳಕ್ಕೆ ಇಳಿಯದೆ ಅದರ ಮೇಲೆಯೇ ದಾಟಿ ಹೋಗುತ್ತಿತ್ತು. ಇಂತಹ ಒಂದು ಸೈಕಲ್ಲನ್ನೇರಿ ಥಾಮಸ್ ಸ್ಟೀವನ್ಸ್ ಎಂಬಾತ 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, 1886ರಲ್ಲಿ ನಮ್ಮ ದೇಶದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೂ ಸಾಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತನ್ನ ಭೂಪ್ರದಕ್ಷಿಣೆಯನ್ನು ಮುಗಿಸಿದ.

ಆದರೆ ಅಷ್ಟೆತ್ತರದಿಂದ ತಲೆಕೆಳಗಾಗಿ ಬೀಳುವ ಅಪಾಯವೂ ಇತ್ತು. ಆದುದರಿಂದ ಜೇಮ್ಸ್ ಸ್ಟಾರ್ಲಿಯ ಸೋದರನ ಮಗನಾದ ಜಾನ್ ಕೆಂಪ್ ಸ್ಟಾರ್ಲಿಯು 1885ರಲ್ಲಿ 'ರೋವರ್' ಸೈಕಲ್ಲನ್ನು ಹೊರತಂದಾಗ, ಅಂದರೆ ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ, ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮನಾಗಿರುವ ಸೈಕಲ್ಲನ್ನು ತಂದಾಗ, ಆಳೆತ್ತರದ ಗಾಲಿಗೆ ಕೆಲಸವಿಲ್ಲದಂತಾಯಿತು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರನ್ನು ತಂದ ಬಳಿಕವಂತೂ ಅದರ ಕಥೆ ಮುಗಿಯಿತು. ನನ್ನ ಮೊದಲ ಬಾಣ ಇಲ್ಲಿಗೆ ನಿಲ್ಲುತ್ತಿತ್ತು: ದೊಡ್ಡ ಗಾಲಿ ಸೋತಿತು.

ಈಗ ಬೆಟ್ಟದ ವಿಚಾರ. ಸೈಕಲ್ಲನ್ನು ಕಾಡುಮೇಡಿನಲ್ಲಿ ಓಡಿಸುವುದು ಇತ್ತೀಚಿನ ಶೋಕಿಯೆಂದು ನಾನು ತಿಳಿದಿದ್ದೆ. 1897ರ ಜೂನ್‌ನಲ್ಲಿ ಅಮೆರಿಕೆಯ ಸೈನ್ಯದ 25ನೆಯ ಪದಾತಿದಳದ ಕಪ್ಪು ಜನಾಂಗದ ಸೈನಿಕರು ಲೆಫ್ಟಿನೆಂಟ್ ಜೇಮ್ಸ್ ಮಾಸ್ ಎಂಬ ಬಿಳಿಯ ಅಧಿಕಾರಿಯ ನೇತೃತ್ವದಲ್ಲಿ ಮೊಂಟಾನಾದ ಮಿಸೌಲಾ ಕೋಟೆಯಿಂದ ಸೇಂಟ್ ಲೂಯಿ ನಗರದವರೆಗೆ ಸುಮಾರು 1,900 ಮೈಲಿಗಳನ್ನು ಬೆಟ್ಟ, ಕೆಸರು, ಮರಳುಗಳ ಮೂಲಕ ಸೈಕಲ್ಲುಗಳ ಮೇಲೆ ಕ್ರಮಿಸಿದರು. ಹಾಸಿಗೆ, ಡೇರೆ, ಬಂದೂಕುಗಳ ಹೊರೆ ಬೇರೆ. ಇಷ್ಟು ಸಾಧಿಸಿದವರನ್ನು ಸೈನ್ಯವು ರೈಲಿನಲ್ಲಿ ಹಿಂದಕ್ಕೆ ಕಳುಹಿಸಿ, ಆ ಪ್ರಯೋಗವನ್ನೇ ಕೈಬಿಟ್ಟಿತು. ಬೆಟ್ಟದ ಸೈಕಲ್ಲಿನ ಕಥೆ ಹೇಳುವವರು ಬಹುಮಟ್ಟಿಗೆ 1970ರ ದಶಕದಿಂದ ಆರಂಭಿಸುವುದರಿಂದ ಈ ಸೈನಿಕರು ಆ ಕಥೆಯ ಹೊರಗೇ ಉಳಿದುಬಿಡುತ್ತಾರೆ.

1970ರ ದಶಕದ ಕಥೆಗೂ ಒಂದು ಪೂರ್ವರಂಗವಿದೆ. 1933ರಲ್ಲಿ, ಆರ್ಥಿಕ ಮಹಾಕುಸಿತದ ದಿನಗಳಲ್ಲಿ, ಶಿಕಾಗೊದ ಶ್ವಿನ್ ಕಂಪನಿಯು ಹುಡುಗರಿಗಾಗಿ 26 ಇಂಚಿನ ಗಾಲಿಯ, ಎರಡು ಇಂಚಿಗಿಂತಲೂ ದಪ್ಪನಾದ 'ಬಲೂನ್' ಟಯರಿನ ಗಟ್ಟಿಮುಟ್ಟಾದ ಸೈಕಲ್ಲನ್ನು ತಂದಿತು. ಮನೆಮನೆಗೆ ಪತ್ರಿಕೆ ಹಾಕುವ ಹುಡುಗರು ಅದನ್ನು ಓಡಿಸಿದರು, ಬೀಳಿಸಿದರು, ಕೊನೆಗೆ ಹಿತ್ತಲಿಗೆ ಎಸೆದರು. ನಲವತ್ತು ವರ್ಷಗಳ ಬಳಿಕ ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಮ್ಯಾರಿನ್ ಕೌಂಟಿಯ ಯುವಕರು ಗುಜರಿಯಿಂದ ಅವೇ ಸೈಕಲ್ಲುಗಳನ್ನು ಎತ್ತಿ ತಂದು, ತಮಾಲ್ಪಾಯಿಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. ಅವುಗಳಿಗೆ ಅವರಿಟ್ಟ ಹೆಸರು 'ಕ್ಲಂಕರ್'. ನಮ್ಮ ಮಾತಿನಲ್ಲಿ ಡಕೋಟಾ ಗಾಡಿ ಎನ್ನಬಹುದು.

1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿಯ ಕಡಿದಾದ ಮಣ್ಣುದಾರಿಯೊಂದರಲ್ಲಿ ಅವರು ಮೊದಲ ಪಂದ್ಯ ನಡೆಸಿದರು. ಸುಮಾರು 3.4 ಕಿಲೋಮೀಟರು ಉದ್ದದಲ್ಲಿ 400 ಮೀಟರಿನಷ್ಟು ಇಳಿಜಾರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ, ಹಿಂದಿನ ಗಾಲಿಯ ಗುಂಭದೊಳಗಿನ ಬ್ರೇಕೊಂದೇ ಅವರಿಗೆ ಆಧಾರ. ಕೆಳಗೆ ತಲುಪುವಷ್ಟರಲ್ಲಿ ಅದರೊಳಗಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕು. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರಾಯಿತು. ಅಲ್ಲಿ ಗ್ಯಾರಿ ಫಿಶರ್ ಸ್ಥಾಪಿಸಿದ ದಾಖಲೆ 4 ನಿಮಿಷ 22 ಸೆಕೆಂಡು. ಲೆಕ್ಕ ಹಾಕಿ ನೋಡಿ, ಸರಾಸರಿ ವೇಗ ಗಂಟೆಗೆ 45 ಕಿಲೋಮೀಟರನ್ನು ಮೀರುತ್ತದೆ. ವೆಂಡಿ ಕ್ರ್ಯಾಗ್ ಎಂಬ ಮಹಿಳೆ ಈ ಗುಂಪಿನೊಂದಿಗೆ ತಾನೂ ಸೈಕಲ್ಲು ತುಳಿಯುತ್ತ ತೆಗೆದ ಛಾಯಾಚಿತ್ರಗಳಿಂದಾಗಿಯೇ ಆ ದಿನಗಳು ಇಂದಿಗೂ ನಮ್ಮ ಕಣ್ಣಿಗೆ ಕಾಣುತ್ತವೆ.

ಹಳೆಯ ಚೌಕಟ್ಟುಗಳು ಮುರಿಯುತ್ತಲೇ ಇದ್ದವು. ಆಗ ಜೋ ಬ್ರೀಝ್ 1977ರಲ್ಲಿ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕಿನ ಕೊಳವೆಗಳಿಂದ ಬೆಟ್ಟಕ್ಕೆಂದೇ ಒಂದು ಚೌಕಟ್ಟನ್ನು ಕಟ್ಟಿದ. ಆ ಸೈಕಲ್ಲು ಈಗ ಅಮೆರಿಕೆಯ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. 1979ರಲ್ಲಿ ಟಾಮ್ ರಿಚಿ ಚೌಕಟ್ಟು ಕಟ್ಟಿಕೊಟ್ಟ. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 'ಮೌಂಟನ್ ಬೈಕ್ಸ್' ಎಂಬ ಹೆಸರಿನಲ್ಲಿ ಅಂಗಡಿ ತೆರೆದು ಮಾರಿದರು. ಆ ಹೆಸರನ್ನು ತಮ್ಮದಾಗಿ ನೋಂದಾಯಿಸಿಕೊಳ್ಳುವ ಅವರ ಪ್ರಯತ್ನ ಫಲಿಸಲಿಲ್ಲ. ಹೆಸರು ಎಲ್ಲರ ಸೊತ್ತಾಯಿತು. 1981ರಲ್ಲಿ ಸ್ಪೆಷಲೈಝ್ಡ್ ಕಂಪನಿಯು ಜಪಾನಿನಲ್ಲಿ ಮಾಡಿಸಿದ 'ಸ್ಟಂಪ್‌ಜಂಪರ್' ಬಂದ ಮೇಲೆ ಬೆಟ್ಟದ ಸೈಕಲ್ಲು ಸಾಮಾನ್ಯ ಅಂಗಡಿಗೂ ತಲುಪಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅದೊಂದು ಸ್ಪರ್ಧೆಯೇ ಆಯಿತು.

ಹಾಗಾದರೆ ಇದನ್ನು ಕಂಡುಹಿಡಿದವರು ಯಾರು? ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಕೇಳಬಹುದಾದದ್ದಲ್ಲ ಇದು. 1953ರಷ್ಟು ಹಿಂದೆಯೇ ಜಾನ್ ಫಿನ್ಲೆ ಸ್ಕಾಟ್ ಎಂಬಾತ ದಪ್ಪ ಟಯರು ಮತ್ತು ಗೇರುಗಳುಳ್ಳ ಕಾಡುಸೈಕಲ್ಲನ್ನು ತನಗಾಗಿ ಜೋಡಿಸಿಕೊಂಡಿದ್ದ. 1974ರಲ್ಲಿ ಕುಪರ್ಟಿನೊ ಊರಿನ ಹುಡುಗರ ತಂಡವೊಂದು ದಪ್ಪ ಟಯರಿನ ಸೈಕಲ್ಲಿಗೆ ಗೇರು ಹಾಕಿಕೊಂಡು ಮ್ಯಾರಿನ್‌ಗೆ ಬಂದದ್ದನ್ನು ಅಲ್ಲಿಯವರು ಕಣ್ಣಾರೆ ಕಂಡಿದ್ದರು. ಕುಪರ್ಟಿನೊ ಎಂದೊಡನೆ ನಿಮ್ಮಲ್ಲಿ ಕೆಲವರ ಕಿವಿ ನಿಮಿರಿರಬೇಕು! ಒಬ್ಬೊಬ್ಬರು ಒಂದೊಂದು ತುಂಡನ್ನು ತಂದು ಜೋಡಿಸಿದ ಕಥೆಗೆ ಒಬ್ಬನೇ ನಾಯಕನನ್ನು ಹುಡುಕುವುದು ನಮ್ಮಂತಹ ಪಠ್ಯಪುಸ್ತಕದವರ ಚಟವೇ ಸರಿ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಬೆಟ್ಟದ ಸೈಕಲ್ಲಿನ ಗಾಲಿ ಇಪ್ಪತ್ತಾರು ಇಂಚೇ ಏಕಾಯಿತು? ಯಾರಾದರೂ ಪ್ರಯೋಗ ಮಾಡಿ, ಇದೇ ಉತ್ತಮವೆಂದು ನಿರ್ಣಯಿಸಿದರೇ? ಇಲ್ಲ. 1933ರಲ್ಲಿ ಪತ್ರಿಕೆ ಹಾಕುವ ಹುಡುಗರಿಗೆಂದು ಮಾಡಿದ ಅಳತೆ ಅದು. ಗುಜರಿಯಲ್ಲಿ ಸಿಕ್ಕ ಸೈಕಲ್ಲುಗಳಲ್ಲಿ ಆ ಗಾಲಿ ಇತ್ತು, ದಪ್ಪ ಟಯರು ಆ ಅಳತೆಯಲ್ಲಿ ಮಾತ್ರ ಸಲೀಸಾಗಿ ದೊರೆಯುತ್ತಿತ್ತು, ಅಷ್ಟೆ. ಅನಂತರ ಕಾರ್ಖಾನೆಗಳು ಅದೇ ಅಳತೆಗೆ ರಿಮ್ಮು, ಟಯರುಗಳ ಅಚ್ಚು ಹಾಕಿದವು. ಅಚ್ಚಿಗೆ ಹಣ ಹಾಕಿದವನು ಅಳತೆ ಬದಲಿಸಲು ಒಪ್ಪುವನೇ? ಆಕಸ್ಮಿಕವಾದದ್ದು ಹೀಗೆ ನಿಯಮವಾಯಿತು.

ಬೇರೆ ದಾರಿಯೂ ತೆರೆದಿತ್ತು. ಇಂಗ್ಲೆಂಡಿನಲ್ಲಿ ಜೆಫ್ ಆ್ಯಪ್ಸ್ ಎಂಬಾತ ಮ್ಯಾರಿನ್ ಗುಂಪಿನಿಂದ ಸ್ವತಂತ್ರವಾಗಿ ಕೆಸರುದಾರಿಯ ಸೈಕಲ್ಲುಗಳನ್ನು ರೂಪಿಸುತ್ತಿದ್ದ. 1982ರ ಸುಮಾರಿಗೆ 'ಕ್ಲೀಲ್ಯಾಂಡ್' ಹೆಸರಿನಲ್ಲಿ ಅವನ್ನು ಮಾರತೊಡಗಿದ. ಫಿನ್‌ಲೆಂಡಿನಲ್ಲಿ ಹಿಮದ ದಾರಿಗೆಂದು ನೋಕಿಯಾ ಕಂಪನಿ ತಯಾರಿಸುತ್ತಿದ್ದ ದೊಡ್ಡ ಅಳತೆಯ ಟಯರುಗಳು ಅವನ ಕಣ್ಣಿಗೆ ಬಿದ್ದವು. ಹೌದು, ಮುಂದೆ ನಮ್ಮೆಲ್ಲರ ಜೇಬಿಗೆ ದೂರವಾಣಿ ಇಟ್ಟ ಅದೇ ನೋಕಿಯಾ. ಟಯರಿನ ವಿಭಾಗ 1988ರಲ್ಲಿ ಬೇರೆಯಾಯಿತು. ಆ ಟಯರುಗಳನ್ನು ಅವನು ಕ್ಯಾಲಿಫೋರ್ನಿಯಾದ ಫಿಶರ್ ಮತ್ತು ಕೆಲ್ಲಿಯವರಿಗೂ ಕಳುಹಿಸಿದ. ಆದರೆ ಟಯರಿನ ಸರಬರಾಜು ಸರಿಯಾಗಿ ಒದಗಲಿಲ್ಲ. ಅವನ ಉದ್ಯಮವೂ ಬೇಗನೆ ನಿಂತಿತು. ಟಯರು ಸಕಾಲಕ್ಕೆ ಬರಲಿಲ್ಲವೆಂಬ ಇಷ್ಟು ಸಣ್ಣ ಕಾರಣದಿಂದ ದೊಡ್ಡ ಗಾಲಿಯ ಬೆಟ್ಟದ ಸೈಕಲ್ಲು ಸುಮಾರು ಹದಿನೈದು ವರ್ಷ ಕಾಯಬೇಕಾಯಿತು.

1990ರ ದಶಕದಲ್ಲಿ ಕೊಲರಾಡೊದ ಕ್ರೆಸ್ಟೆಡ್ ಬ್ಯೂಟ್ ಎಂಬ ಬೆಟ್ಟದೂರಿನ ಚೌಕಟ್ಟು ಕಟ್ಟುವವ ವೆಸ್ ವಿಲಿಯಮ್ಸ್ ಮತ್ತೆ ದೊಡ್ಡ ಗಾಲಿಯ ಪರವಾಗಿ ವಾದಿಸತೊಡಗಿದ. 1999ರಲ್ಲಿ ಡಬ್ಲ್ಯು.ಟಿ.ಬಿ. ಕಂಪನಿಯು 'ನ್ಯಾನೊರ‍್ಯಾಪ್ಟರ್' ಎಂಬ ಟಯರನ್ನು ಹೊರತಂದಾಗ ಬಾಗಿಲು ತೆರೆಯಿತು. ಇದಕ್ಕಾಗಿ ಹೊಸ ರಿಮ್ಮನ್ನೇನೂ ಕಂಡುಹಿಡಿಯಬೇಕಾಗಿರಲಿಲ್ಲ. ರಸ್ತೆಯ ಪಂದ್ಯದ ಸೈಕಲ್ಲುಗಳಲ್ಲಿ ಬಹುಕಾಲದಿಂದ ಇದ್ದ 622 ಮಿಲಿಮೀಟರಿನ ರಿಮ್ಮಿಗೆ ದಪ್ಪ ಟಯರು ಹಾಕಿದರೆ ಹೊರವ್ಯಾಸ ಸುಮಾರು 29 ಇಂಚಾಗುತ್ತದೆ. ಇಪ್ಪತ್ತೊಂಬತ್ತು ಎಂಬ ಹೆಸರು ಬಂದದ್ದು ಹೀಗೆ. ಗ್ಯಾರಿ ಫಿಶರ್ ತನ್ನ ಹೆಸರಿನ ಸೈಕಲ್ಲುಗಳಲ್ಲಿ ಇದನ್ನು ತಂದ. 2002ರಲ್ಲಿ ಮಿನ್ನೆಸೋಟಾದ ಸರ್ಲಿ ಕಂಪನಿಯು 'ಕರಾಟೆ ಮಂಕಿ' ಎಂಬ ವಿಚಿತ್ರ ಹೆಸರಿನ ಉಕ್ಕಿನ ಚೌಕಟ್ಟನ್ನು ಮಾರುಕಟ್ಟೆಗೆ ತಂದಿತು. ನನ್ನ ವಿದ್ಯಾರ್ಥಿ ಕಳುಹಿಸಿದ ಚಿತ್ರದಲ್ಲಿರುವುದು ಈ ವಂಶದ ಕುಡಿಯೇ.

ದೊಡ್ಡ ಗಾಲಿಯಿಂದ ಲಾಭವೇನು? ಗಣಿತ ಮರೆಯದವರು ಮಾಡಿ ನೋಡಬಹುದು. ದಾರಿಯಲ್ಲಿ 5 ಸೆಂಟಿಮೀಟರು ಎತ್ತರದ ಕಲ್ಲಿದೆ. 26 ಇಂಚಿನ ಗಾಲಿಯ ತ್ರಿಜ್ಯ 33 ಸೆಂಟಿಮೀಟರು; ಕಲ್ಲು ತಾಗುವ ಬಿಂದುವಿನಿಂದ ನಡುಬಿಂದುವಿಗೆ ಎಳೆದ ಗೆರೆಯು ಲಂಬದೊಂದಿಗೆ ಮಾಡುವ ಕೋನ ಸುಮಾರು 32 ಡಿಗ್ರಿ. 29 ಇಂಚಿನ ಗಾಲಿಗೆ ಅದು ಸುಮಾರು 30 ಡಿಗ್ರಿ. ವ್ಯತ್ಯಾಸ ಎರಡೇ ಡಿಗ್ರಿ ಎನ್ನಬೇಡಿ. ದಿನಕ್ಕೆ ಸಾವಿರ ಕಲ್ಲು ದಾಟುವವನ ಕೈ, ಬೆನ್ನುಗಳಿಗೆ ಅದು ತಿಳಿಯುತ್ತದೆ. ನಷ್ಟವೂ ಇದೆ. ರಿಮ್ಮು, ಟಯರುಗಳ ತೂಕ ಹೆಚ್ಚು. ವೇಗ ಏರಿಸಲು ಹೆಚ್ಚು ಶ್ರಮ. ಕಡ್ಡಿಗಳು ಉದ್ದವಾದಷ್ಟೂ ಗಾಲಿ ಬಳುಕುವುದು ಹೆಚ್ಚು. ಕುಳ್ಳಗಿನವರಿಗೆ ಹೊಂದಿಸುವುದು ಕಷ್ಟ. ಹತ್ತು ವರ್ಷ ಈ ವಾದ ನಡೆಯಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಝೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29 ಇಂಚಿನ ಗಾಲಿಯ ಮೇಲೆ ಚಿನ್ನದ ಪದಕ ಗೆದ್ದ ಬಳಿಕ ನಗುವವರು ಸುಮ್ಮನಾದರು. 1885ರಲ್ಲಿ ಸೋತಿತೆಂದು ನಾನು ಹೇಳುತ್ತಿದ್ದ ದೊಡ್ಡ ಗಾಲಿಯ ತರ್ಕ ಬೇರೊಂದು ಅಳತೆಯಲ್ಲಿ ಹಿಂದಿರುಗಿತ್ತು.

ಇನ್ನು ಉಕ್ಕು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಒಂದು ಉಪಾಯಕ್ಕೆ ಹಕ್ಕುಪತ್ರ ಪಡೆದ. ಕೊಳವೆಯ ಹೊರ ಅಳತೆ ಒಂದೇ ಇರುವಂತೆ, ಒಳಗೆ ಮಾತ್ರ ತುದಿಗಳಲ್ಲಿ ದಪ್ಪ, ನಡುವೆ ತೆಳು. ಬೆಸುಗೆ ಹಾಕುವಲ್ಲಿ ಬಲ, ಬೇಡವಾದಲ್ಲಿ ಹಗುರ. 1935ರಲ್ಲಿ ಆ ಕಂಪನಿಯ '531' ಎಂಬ ಮಿಶ್ರ ಉಕ್ಕು ಬಂದು ಹಲವು ದಶಕ ಸೈಕಲ್ ಪಂದ್ಯಗಳನ್ನು ಆಳಿತು. ಅನಂತರ ಅಲ್ಯೂಮಿನಿಯಂ, ಟೈಟಾನಿಯಂ, ಇಂಗಾಲದ ನಾರುಗಳು ಬಂದವು. ಪಂದ್ಯದವರು ಉಕ್ಕನ್ನು ಬಿಟ್ಟರು. ಇದು ನನ್ನ ಎರಡನೆಯ ಬಾಣ.

ಅಲ್ಯೂಮಿನಿಯಂನ ತೂಕ ಉಕ್ಕಿನ ಮೂರನೆಯ ಒಂದು ಪಾಲು, ನಿಜ. ಆದರೆ ಅದರ ಬಿಗುವೂ ಮೂರನೆಯ ಒಂದು ಪಾಲೇ. ಆದುದರಿಂದಲೇ ಅದರ ಕೊಳವೆಗಳನ್ನು ದಪ್ಪಗೆ ಮಾಡಬೇಕಾಗುತ್ತದೆ. ಇನ್ನೊಂದು ಭೇದವಿದೆ. ಉಕ್ಕಿಗೆ ಒಂದು ಮಿತಿಯಿದೆ. ಆ ಮಿತಿಯೊಳಗಿನ ಭಾರವನ್ನು ಎಷ್ಟು ಲಕ್ಷ ಬಾರಿ ಹೊತ್ತರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂತಹ ಮಿತಿಯಿಲ್ಲ. ಸಣ್ಣ ಸಣ್ಣ ಏಟುಗಳೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ಉಕ್ಕು ಮುರಿಯುವ ಮುನ್ನ ಬಾಗಿ ಎಚ್ಚರಿಸುತ್ತದೆ. ಬಿರುಕು ಬಿಟ್ಟರೆ ಬೆಸುಗೆ ಬಲ್ಲವನು ಸರಿಪಡಿಸಬಲ್ಲ. ಉಕ್ಕಿನ ಸವಾರಿ ಮೃದುವೆಂದು ಅಭಿಮಾನಿಗಳು ಹೊಗಳುವುದು ಮಾತ್ರ ತುಸು ಅತಿಶಯೋಕ್ತಿ; ಆ ಸುಖದ ಬಹುಪಾಲು ದಪ್ಪ ಟಯರಿನೊಳಗಿನ ಗಾಳಿಯದು.

ಈ ಅಭಿಮಾನಿಗಳು ತಮ್ಮ ಸೈಕಲ್ಲನ್ನು ಪ್ರದರ್ಶಿಸುವ ಪರಿಯೇ ಬೇರೆ. 2005ರಲ್ಲಿ ಹ್ಯೂಸ್ಟನ್ನಿನಲ್ಲಿ ಕೈಯಿಂದ ಕಟ್ಟಿದ ಸೈಕಲ್ಲುಗಳ ಪ್ರದರ್ಶನವೊಂದು ಆರಂಭವಾಗಿ, 2019ರಲ್ಲಿ ಸ್ಯಾಕ್ರಮೆಂಟೊದವರೆಗೂ ವರ್ಷವರ್ಷ ಬೇರೆ ಬೇರೆ ಊರುಗಳಲ್ಲಿ ನಡೆಯಿತು. ಅಲ್ಲಿ ಜನ ಬಾಗಿ ನೋಡುತ್ತಿದ್ದುದು ಸಂದುಗಳನ್ನು: ಎರಡು ಕೊಳವೆಗಳು ಕೂಡುವಲ್ಲಿ ಹಿತ್ತಾಳೆಯ ಬೆಸುಗೆಯನ್ನು ಎಷ್ಟು ನುಣುಪಾಗಿ ಅರದಿಂದ ಉಜ್ಜಿದ್ದಾರೆ ಎಂಬುದನ್ನು. ಒಳ್ಳೆಯ ಅಕ್ಕಸಾಲಿಗನ ಕೆಲಸವನ್ನು ನಮ್ಮ ಹೆಂಗಳೆಯರು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ. ನನ್ನ ಶಿಷ್ಯನ ಛಾಯಾಚಿತ್ರವನ್ನು ಮೊದಲು ಕಂಡಾಗ ಅದು ಹಣದ ಬಡಿವಾರವೆಂದುಕೊಂಡಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಅವನು ತೋರಿಸಬಯಸಿದ್ದು ಯಾರದೋ ಕೈಕೆಲಸವನ್ನು, ಮತ್ತು ಅದನ್ನು ಗುರುತಿಸಬಲ್ಲ ತನ್ನ ಕಣ್ಣನ್ನು.

ಆದರೆ "ಇಷ್ಟು ದೊಡ್ಡ ಗಾಲಿ ನೀವು ನೋಡಿರಲಾರಿರಿ" ಎಂಬ ಮಾತಿಗೆ ಉತ್ತರ ಬಾಕಿಯಿದೆ. ಮಗು, ನಮ್ಮ ಹಳ್ಳಿಗಳಲ್ಲಿ ಓಡಾಡುತ್ತಿದ್ದ ಕಪ್ಪು ಸೈಕಲ್ಲಿನ, ಸೋನೀಪತ್ತಿನ ಅಟ್ಲಾಸ್ ಆಗಲಿ, ಲುಧಿಯಾನದ ಹೀರೊ ಆಗಲಿ, ಮದರಾಸಿನ ಹರ್ಕ್ಯುಲಿಸ್ ಆಗಲಿ, ಟಯರಿನ ಮೇಲೆ 28 ಎಂದು ಅಚ್ಚಾಗಿರುತ್ತಿತ್ತು. ಅದರ ರಿಮ್ಮಿನ ಅಳತೆ 635 ಮಿಲಿಮೀಟರು. ನಿನ್ನ ಇಪ್ಪತ್ತೊಂಬತ್ತರದು 622. ಟಯರು ದಪ್ಪವಾದುದರಿಂದ ಹೊರಗಿನಿಂದ ನಿನ್ನದು ದೊಡ್ಡದು. ಆದರೆ ರಿಮ್ಮಿನ ಲೆಕ್ಕದಲ್ಲಿ ನಮ್ಮದೇ 13 ಮಿಲಿಮೀಟರು ದೊಡ್ಡದು. ಚೌಕಟ್ಟು ಉಕ್ಕಿನದೇ. ಸಂದುಗಳಲ್ಲಿ ಹಿತ್ತಾಳೆಯ ಬೆಸುಗೆಯೇ. ಎರಡು ಮೂಟೆ ಅಕ್ಕಿಯನ್ನೋ, ನಾಲ್ಕು ಕ್ಯಾನು ಹಾಲನ್ನೋ ಹೊತ್ತು ಗಾಡಿಜಾಡಿನಲ್ಲಿ ಏರಿಳಿಯುತ್ತಿದ್ದ ಅದನ್ನು ಯಾರೂ ಬೆಟ್ಟದ ಸೈಕಲ್ಲೆಂದು ಕರೆಯಲಿಲ್ಲ. ಗೋಡೆಗೆ ಒರಗಿಸಿ ಭಾವಚಿತ್ರ ತೆಗೆಯಲಿಲ್ಲ.

ನಮ್ಮ ತಂದೆಯವರ ಬಳಿಯೂ ಒಂದಿತ್ತು. ಬಾರಿನ ಕೆಳಗೆ ಕಾಲು ತೂರಿಸಿ ಅದರಲ್ಲೇ ನಾನು ಸೈಕಲ್ಲು ಕಲಿತದ್ದು. ಅವರು ತೀರಿಕೊಂಡ ಬಳಿಕ ಬಹಳ ವರ್ಷ ಕೊಟ್ಟಿಗೆಯಲ್ಲಿತ್ತು. ಮನೆ ರಿಪೇರಿಯ ಸಮಯದಲ್ಲಿ ಗುಜರಿಯವನು ಬಂದಾಗ, ತೂಕಕ್ಕೆ ಹಾಕಿಬಿಡು ಎಂದವನು ನಾನೇ. ಚೌಕಟ್ಟು ನೆಟ್ಟಗಿತ್ತು, ರಿಮ್ಮು ತುಕ್ಕು ಹಿಡಿದಿತ್ತು, ಅಷ್ಟೆ. ಹಳೆಯದು ಹೋಗಬೇಕು, ಹೊಸದು ಬರಬೇಕು ಎಂದು ಮಕ್ಕಳಿಗೆ ವರ್ಷವರ್ಷ ಹೇಳಿಕೊಟ್ಟವನಿಗೆ ಆ ಕ್ಷಣದಲ್ಲಿ ಬೇರೇನೂ ತೋಚಲಿಲ್ಲ. 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ ಸುದ್ದಿ ಓದಿದಾಗ ಆ ಸೈಕಲ್ಲಿನ ನೆನಪಾಗಿ ಬಹಳ ಹೊತ್ತು ಪತ್ರಿಕೆಯನ್ನು ಮಡಿಸಲಾಗಲಿಲ್ಲ.

ಮ್ಯಾರಿನ್‌ನ ಹುಡುಗರು ಗುಜರಿಯಿಂದ ಎತ್ತಿ ತಂದರು. ನಾನು ಗುಜರಿಗೆ ಹಾಕಿದೆ. ಆದುದರಿಂದ ಹಳೆಯ ಟಿಪ್ಪಣಿ ಪುಸ್ತಕ ಇಟ್ಟುಕೊಂಡವರು ಯಾರಾದರೂ ಇದ್ದರೆ, ದಯವಿಟ್ಟು ಆ ಬಾಣದ ಗುರುತನ್ನು ಹೊಡೆದುಹಾಕಿರಿ. ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದನ್ನು ಗುಣವೊಂದೇ ತೀರ್ಮಾನಿಸುವುದಿಲ್ಲ. ಟಯರು ಸಿಕ್ಕಿತೋ ಇಲ್ಲವೋ, ಅಚ್ಚಿಗೆ ಹಣ ಹಾಕಿದವರು ಯಾರು, ಕಥೆ ಬರೆದವರು ಯಾರು, ಚಿತ್ರ ತೆಗೆದವರು ಯಾರು ಎಂಬುದೂ ತೀರ್ಮಾನಿಸುತ್ತದೆ. ಇತಿಹಾಸದ ಪಾಠದಲ್ಲಿ ನಾನು ಹೇಳಬೇಕಾಗಿದ್ದುದು ಇದನ್ನು.

ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಅಂತಹ ಕಪ್ಪು ಸೈಕಲ್ಲೊಂದು ಇನ್ನೂ ಇದ್ದರೆ, ಧೂಳು ಒರೆಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು, ಗೋಡೆಗೆ ಒರಗಿಸಿ ಒಂದು ಚಿತ್ರ ತೆಗೆದು ನನಗೆ ಕಳುಹಿಸಿರಿ. ಚೈನಿನ ಬದಿ ಎದುರಿಗಿರಲಿ. ತುಳಿದವರು ಯಾರು, ಏನನ್ನು ಹೊತ್ತರು ಎಂಬುದನ್ನೂ ಎರಡು ಸಾಲಿನಲ್ಲಿ ಬರೆಯಿರಿ.